ಡಯಾಲಿಸಿಸ್ ವಾರ್ಡಿಗೆ ಬಣ್ಣದ ಡಬ್ಬಿ ತಗೊಂಡು ಹೋಗಬಹುದಾ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಚಿತ್ರಕಲೆ ಓದಿದವಳು. ಈಗ ನಮ್ಮೂರಲ್ಲೇ ಮಕ್ಕಳಿಗೆ ಡ್ರಾಯಿಂಗ್ ಕ್ಲಾಸ್ ನಡೆಸುತ್ತಿದ್ದೇನೆ. ಇಲ್ಲಿನ ಸರ್ಕಾರಿ ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನ ಸಿಸ್ಟರ್ ಒಬ್ಬರು, "ವಾರಕ್ಕೊಮ್ಮೆ ಬಂದು ನಮ್ಮ ಪೇಷಂಟ್‌ಗಳ ಕೈಲಿ ಏನಾದರೂ ಚಿತ್ರ ಬರೆಸಿ, ನಾಲ್ಕು ಗಂಟೆ ಸುಮ್ನೆ ಫ್ಯಾನ್ ನೋಡ್ತಾ ಮಲಗಿರ್ತಾರೆ" ಎಂದು ಕರೆದಿದ್ದಾರೆ. ನಾನು ಆರ್ಟ್ ಥೆರಪಿ ಕಲಿತವಳಲ್ಲ. ಹೋಗಬಹುದಾ? ಹೋದರೆ ಏನು ಮಾಡಿಸಲಿ? ಇದರಿಂದ ರೋಗಿಗಳಿಗೆ ನಿಜವಾಗಿಯೂ ಏನಾದರೂ ಉಪಯೋಗ ಇದೆಯಾ? ದುಡ್ಡು ಕೇಳಬಹುದಾ?

ಉತ್ತರ: ಹೋಗಿ. ಖಂಡಿತ ಹೋಗಿ. ಆದರೆ ಮೊದಲ ಎರಡು ವಾರ ಬಣ್ಣ, ಕಾಗದ ಏನನ್ನೂ ತಗೊಂಡು ಹೋಗಬೇಡಿ. ಸಿಸ್ಟರ್ ಹತ್ತಿರ ಕೇಳಿ ಒಂದು ಸ್ಟೂಲ್ ಹಾಕಿಸಿಕೊಂಡು ಕೂತು ನೋಡಿ ಬನ್ನಿ. ಯಾರು ಯಾವ ಊರಿನಿಂದ ಬರುತ್ತಾರೆ, ಯಾರಿಗೆ ಮಾತು ಬೇಕು, ಯಾರಿಗೆ ನಿದ್ದೆ ಬೇಕು, ಯಾವ ಹೊತ್ತಿಗೆ ವಾರ್ಡು ಗಡಿಬಿಡಿಯಲ್ಲಿರುತ್ತದೆ, ಇದೆಲ್ಲ ಗೊತ್ತಾಗುವುದು ಹಾಗೆ ಕೂತಾಗಲೇ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನು ಕಲಾವಿದೆಯಾಗಿ ಆಸ್ಪತ್ರೆಗಳಲ್ಲಿ ಕೆಲಸ ಮಾಡಲು ಶುರು ಮಾಡಿ 19 ವರ್ಷ ಆಯಿತು. ಮೊದಲನೇ ವರ್ಷವೇ ಒಂದು ಮಕ್ಕಳ ವಾರ್ಡಿನ ಗೋಡೆ ತುಂಬ ಕಾಡು ಬರೆದೆ. ದೊಡ್ಡ ಹುಲಿ, ಹೊಳೆಯುವ ಕಣ್ಣು. ಮಕ್ಕಳಿಗೆ ಹುಲಿ ಅಂದ್ರೆ ಇಷ್ಟ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಎದುರಿನ ಮಂಚದಲ್ಲಿದ್ದ ನಾಲ್ಕು ವರ್ಷದ ಹುಡುಗ ಎರಡು ರಾತ್ರಿ ಮುಖದ ಮೇಲಿನ ಹೊದಿಕೆ ತೆಗೆಯಲಿಲ್ಲ. ಎನಾಮೆಲ್ ಪೇಂಟಿನ ವಾಸನೆಗೆ ಉಬ್ಬಸದ ಇಬ್ಬರು ಮಕ್ಕಳನ್ನು ಬೇರೆ ಕೋಣೆಗೆ ಸಾಗಿಸಬೇಕಾಯಿತು. ಅಲ್ಲಿನ ಹಿರಿಯ ಸಿಸ್ಟರ್ ಬಂದು, "ಬ್ರಷ್ ಹಿಡಿಯೋ ಮುಂಚೆ ನಮ್ಮನ್ನ ಒಂದು ಮಾತು ಕೇಳಬೇಕಿತ್ತಮ್ಮ" ಎಂದರು. ಅವರು ಜೋರು ಮಾಡಲಿಲ್ಲ. ಆದರೂ ಅವತ್ತು ಮನೆಗೆ ಹೋಗಿ ನನಗೆ ಊಟ ಸೇರಲಿಲ್ಲ. ಹುಲಿಯನ್ನು ನಾನೇ ಬಿಳಿ ಬಣ್ಣ ಬಳಿದು ಅಳಿಸಿದೆ.

ಈಗ ನಿಮ್ಮ ವಾರ್ಡಿಗೆ ಬರೋಣ. ಡಯಾಲಿಸಿಸ್ ಅಂದರೆ ಕಿಡ್ನಿ ಕೆಲಸ ಮಾಡದವರ ರಕ್ತವನ್ನು ಮಷೀನಿನಲ್ಲಿ ಸೋಸುವುದು, ಸಾಮಾನ್ಯವಾಗಿ ಒಂದು ಸಲಕ್ಕೆ 4 ಗಂಟೆ, ವಾರಕ್ಕೆ ಎರಡು ಅಥವಾ ಮೂರು ಸಲ. ಕೈಯಲ್ಲಿ ಫಿಸ್ಟುಲಾ (ಡಯಾಲಿಸಿಸ್‌ಗಾಗಿ ಆಪರೇಷನ್ ಮಾಡಿ ಎರಡು ರಕ್ತನಾಳ ಜೋಡಿಸಿದ ಜಾಗ) ಮಾಡಿಸಿಕೊಂಡವರಿಗೆ ಆ ಕೈಗೆ ಎರಡು ಸೂಜಿ ಹಾಕಿರುತ್ತಾರೆ. ಒಂದರಿಂದ ರಕ್ತ ಮಷೀನಿಗೆ ಹೋಗುತ್ತದೆ, ಇನ್ನೊಂದರಿಂದ ವಾಪಸ್ ಬರುತ್ತದೆ. ಆ ಕೈ ಮಡಚುವ ಹಾಗಿಲ್ಲ. ಸಾಧ್ಯವಾದಷ್ಟೂ ಹೆಚ್ಚು ಬಳಸದ ಕೈಯಲ್ಲೇ ಫಿಸ್ಟುಲಾ ಮಾಡುವುದರಿಂದ ಬಹಳಷ್ಟು ಜನರ ಬಲಗೈ ಖಾಲಿ ಇರುತ್ತದೆ. ಬರೆಯಲು ಕೈ ಇದೆ, ಆದರೆ ಕಾಗದ ಒತ್ತಿ ಹಿಡಿಯಲು ಇನ್ನೊಂದು ಕೈ ಇಲ್ಲ! ಇದು ಕೂತು ನೋಡದೆ ಹೊಳೆಯುವ ವಿಷಯ ಅಲ್ಲ. ನಾನಂತೂ ಡ್ರಾಯಿಂಗ್ ಶೀಟ್ ಹಂಚಿದ ಮೇಲೆ, ಅವು ಒಂದೊಂದಾಗಿ ಜಾರಿ ಕೆಳಗೆ ಬೀಳುವಾಗ ತಿಳಿದುಕೊಂಡೆ. ಪರೀಕ್ಷೆಗೆ ಮಕ್ಕಳು ಒಯ್ಯುತ್ತಾರಲ್ಲ, ಅಂಥ ಕ್ಲಿಪ್ ಇರುವ ಪ್ಯಾಡ್ ತಗೊಳ್ಳಿ. ಪ್ಲಾಸ್ಟಿಕ್‌ನದೇ ಇರಲಿ, ಒರೆಸಿ ಸ್ವಚ್ಛ ಮಾಡಲು ಬರುತ್ತದೆ. ಕಾಗದದ ಕೆಳಗಿನ ತುದಿಗೂ ಒಂದು ರಬ್ಬರ್ ಬ್ಯಾಂಡ್ ಹಾಕಿ. ಖಾಲಿ ಕೈಗೆ ಬಿಪಿ ಪಟ್ಟಿ ಕಟ್ಟಿರುತ್ತಾರೆ, ಆಗಾಗ ಅದು ಬಿಗಿಯುತ್ತದೆ. ಆಗ ಬರೆಯುವುದನ್ನು ನಿಲ್ಲಿಸಿ ಕಾಯಬೇಕು. ಕೆಲವರಿಗೆ ಕತ್ತಿನ ಹತ್ತಿರ ಕ್ಯಾತಿಟರ್, ಅಂದರೆ ರಕ್ತನಾಳಕ್ಕೆ ಹಾಕಿದ ಕೊಳವೆ ಇರುತ್ತದೆ, ಅವರ ಎರಡೂ ಕೈ ಖಾಲಿ ಇದ್ದರೂ ಕತ್ತು ಬಗ್ಗಿಸಿ ನೋಡುವುದು ಕಷ್ಟ. ಅವರಿಗೆ ಪ್ಯಾಡ್ ಎತ್ತರಕ್ಕೆ ಬರುವ ಹಾಗೆ ದಿಂಬು ಕೊಡಬೇಕು. ಕೊಡುವ ಮುಂಚೆ ಸಿಸ್ಟರ್‌ಗೆ ತೋರಿಸಿ.

ಹೊತ್ತು ನೋಡಿಕೊಳ್ಳಿ. ಶುರುವಿನ ಅರ್ಧ ಗಂಟೆ ಮೈಯಲ್ಲಿ ಎಷ್ಟು ನೀರು ನಿಂತಿದೆ ಅಂತ ತಿಳಿಯಲು ತೂಕ ನೋಡುವುದು, ಸೂಜಿ ಹಾಕುವುದು, ಮಷೀನ್ ಹೊಂದಿಸುವುದು ಇರುತ್ತದೆ. ಕೊನೆಯ ಅರ್ಧ ಗಂಟೆ ತೆಗೆಯುವ ಕೆಲಸ. ಆಗ ನೀವು ಆ ಕಡೆ ಸುಳಿಯಲೇಬೇಡಿ. ನಡುವಿನ ಎರಡು ಗಂಟೆ ನಿಮ್ಮದು. ಅದರಲ್ಲೂ ಒಬ್ಬೊಬ್ಬರಿಗೆ 20 ನಿಮಿಷ ಸಾಕು. ಹೊತ್ತು ಕಳೆದಂತೆ ಕೆಲವರಿಗೆ ಬಿಪಿ ಇಳಿಯುತ್ತದೆ, ಕಾಲು ಹಿಡಿದುಕೊಳ್ಳುತ್ತದೆ, ವಾಕರಿಕೆ ಬರುತ್ತದೆ. ನಿಮ್ಮ ಎದುರಿಗೆ ಬರೆಯುತ್ತಿದ್ದವರು ಇದ್ದಕ್ಕಿದ್ದಂತೆ ಆಕಳಿಸಲು ಶುರು ಮಾಡಿದರೆ, ಹಣೆ ಬೆವರಿದರೆ, ಪೆನ್ಸಿಲ್ ಹಿಡಿತ ಸಡಿಲವಾದರೆ, ಬೇಜಾರಾಗಿದೆ ಅಂದುಕೊಂಡು ಕೂರಬೇಡಿ. ತಕ್ಷಣ ಸಿಸ್ಟರ್‌ನ ಕರೆಯಿರಿ.

ಸೋಂಕಿನ ವಿಷಯದಲ್ಲಿ ಸ್ವಲ್ಪವೂ ಸಡಿಲ ಬಿಡಬೇಡಿ. ಈ ವಾರ್ಡುಗಳಲ್ಲಿ ರಕ್ತದಿಂದ ಹರಡುವ ಹೆಪಟೈಟಿಸ್ ಬಿ ಇರುವವರಿಗೆ ಬೇರೆ ಮಷೀನನ್ನೇ ಇಡುತ್ತಾರೆ. ಮಷೀನಿಗೇ ಅಷ್ಟು ಎಚ್ಚರ ಇರುವ ಕಡೆ ನಿಮ್ಮ ಕ್ರೇಯಾನ್ ಡಬ್ಬಿ ಮಂಚದಿಂದ ಮಂಚಕ್ಕೆ ಓಡಾಡಬಾರದು. ಒಬ್ಬೊಬ್ಬರಿಗೂ ಹೆಸರು ಬರೆದ ಒಂದೊಂದು ಜಿಪ್ ಕವರ್ ಮಾಡಿ. ಅದರಲ್ಲಿ ಎರಡು ಪೆನ್ಸಿಲ್, ಆರು ಕ್ರೇಯಾನ್, ಅಂಚೆ ಕಾರ್ಡಿನಷ್ಟು ದೊಡ್ಡ ಕಾಗದ. ದೊಡ್ಡ ಹಾಳೆ ಬೇಡ, ಖಾಲಿ ಹಾಳೆ ನೋಡಿಯೇ ಜನ ಹೆದರುತ್ತಾರೆ. ಒಬ್ಬರಿಂದ ಇನ್ನೊಬ್ಬರ ಹತ್ತಿರ ಹೋಗುವಾಗ ಪ್ರತಿ ಸಲ ಕೈ ತೊಳೆಯಿರಿ. ನೀರು ಬಣ್ಣ, ಜೇಡಿಮಣ್ಣು, ಮಿನುಗುವ ಪುಡಿ ಆ ಮಂಚಗಳ ಹತ್ತಿರ ಬೇಡವೇ ಬೇಡ.

ಇನ್ನು ನೀವು ಕೇಳಿದ ಮುಖ್ಯ ಮಾತು: ಥೆರಪಿಸ್ಟ್ ಅಲ್ಲದವರು ಹೋಗಬಹುದಾ?

ಎರಡು ಬೇರೆ ಬೇರೆ ಕೆಲಸಗಳಿವೆ. ಆರ್ಟ್ ಥೆರಪಿ ಒಂದು ಚಿಕಿತ್ಸೆ. ಅದಕ್ಕೆ ಓದಬೇಕು, ಮೇಲೊಬ್ಬ ಅನುಭವಿಯ ಕೈಕೆಳಗೆ ಪಳಗಬೇಕು. ನಮ್ಮ ದೇಶದಲ್ಲಿ 2021ರಲ್ಲಿ ಬಂದ ಸಹವೈದ್ಯಕೀಯ ವೃತ್ತಿಗಳ ಕಾಯಿದೆಯ ಪಟ್ಟಿಯಲ್ಲಿ ಆರ್ಟ್, ಡ್ಯಾನ್ಸ್, ಮೂವ್‌ಮೆಂಟ್ ಥೆರಪಿಸ್ಟ್‌ಗಳ ಹೆಸರೂ ಇದೆ. ಹಾಗಾಗಿ ಆ ಪದವನ್ನು ನಿಮ್ಮ ಬ್ಯಾನರ್ ಮೇಲೆ ಬರೆದುಕೊಳ್ಳಬೇಡಿ, ಆಸ್ಪತ್ರೆಯವರು ಪ್ರೀತಿಯಿಂದ ಹಾಕಿಸಿದರೂ ತೆಗೆಸಿ. ಇನ್ನೊಂದು ಕೆಲಸ ಅಂದರೆ ಕಲಾವಿದೆಯಾಗಿಯೇ ಹೋಗಿ, ಅಲ್ಲಿರುವವರ ಜೊತೆ ಕೂತು ಏನನ್ನಾದರೂ ಮಾಡುವುದು. ಇದು ಆ ಚಿಕಿತ್ಸೆಗಿಂತ ಕಡಿಮೆ ಏನಲ್ಲ, ಬೇರೆ ಅಷ್ಟೇ.

ಅಸಲಿಗೆ ಆರ್ಟ್ ಥೆರಪಿ ಎಂಬ ಪದವನ್ನು 1942ರಲ್ಲಿ ಬಳಕೆಗೆ ತಂದ ಏಡ್ರಿಯನ್ ಹಿಲ್ ಡಾಕ್ಟರ್ ಅಲ್ಲ. ಇಂಗ್ಲೆಂಡಿನ ಚಿತ್ರಕಾರ, ತಾನೇ ಕ್ಷಯ ಹಿಡಿದು ಸ್ಯಾನಿಟೋರಿಯಂನಲ್ಲಿ ಮಲಗಿದ್ದಾಗ ಬರೆಯುತ್ತಾ ಹೋದವರು. ನಾಲ್ಕು ವರ್ಷದ ಮೇಲೆ, 1946ರಲ್ಲಿ, ಬ್ರೆಜಿಲ್‌ನ ರಿಯೋ ನಗರದ ಮಾನಸಿಕ ಆಸ್ಪತ್ರೆಯೊಂದರಲ್ಲಿ ನೀಸ್ ಡ ಸಿಲ್ವೆರಾ ಎಂಬ ವೈದ್ಯೆ ಚಿತ್ರಶಾಲೆ ತೆರೆದರು. ರೋಗಿಗಳಿಗೆ ಕರೆಂಟ್ ಕೊಡುವುದು, ಮಿದುಳಿಗೆ ಕತ್ತರಿ ಹಾಕುವುದು ಅವರಿಗೆ ಒಪ್ಪಿಗೆ ಇರಲಿಲ್ಲ. ಅವರ ಜೊತೆ ಆ ಚಿತ್ರಶಾಲೆ ನಡೆಸಲು ನಿಂತವರು ಅಲ್ಮಿರ್ ಮವಿನ್ಯೇರ್ ಎಂಬ ಯುವ ಕಲಾವಿದ. ವರ್ಷಗಟ್ಟಲೆ ಮಾತಾಡದೆ ಮೂಲೆ ಹಿಡಿದಿದ್ದವರು ಅಲ್ಲಿ ಬರೆದ ಚಿತ್ರಗಳಿಗಾಗಿ 1952ರಲ್ಲಿ ಒಂದು ಮ್ಯೂಸಿಯಮ್ಮೇ ಆಯಿತು. ಒಬ್ಬರು ಡಾಕ್ಟರ್, ಒಬ್ಬ ಕಲಾವಿದ, ಇಬ್ಬರೂ ತಮ್ಮ ತಮ್ಮ ಕೆಲಸ ಮಾಡಿದರು.

ನೃತ್ಯದಲ್ಲೂ ಹೀಗೇ. 2001ರಿಂದ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಾರ್ಕ್ ಮೋರಿಸ್ ನೃತ್ಯ ತಂಡದವರು ಪಾರ್ಕಿನ್ಸನ್ (ಕೈಕಾಲು ನಡುಗುವ, ನಡೆ ನಿಧಾನವಾಗುವ ಕಾಯಿಲೆ) ಇರುವವರಿಗೆ ಡ್ಯಾನ್ಸ್ ಕ್ಲಾಸ್ ನಡೆಸುತ್ತಿದ್ದಾರೆ. ನಮ್ಮ ಪಕ್ಕದ ಪುಣೆಯಲ್ಲಿ ನೃತ್ಯ ಕಲಾವಿದ ಹೃಷಿಕೇಶ್ ಪವಾರ್ ಅವರೂ ಇದೇ ಕೆಲಸ ಮಾಡಿದ್ದಾರೆ. ಬ್ರೂಕ್ಲಿನ್‌ನವರು ಮೊದಲಿನಿಂದಲೂ ಹೇಳಿಕೊಂಡು ಬಂದಿರುವುದು ಇದು ಡ್ಯಾನ್ಸ್ ಕ್ಲಾಸ್ ಅಂತಲೇ. ಒಳಗೆ ಬಂದವರನ್ನು ಅವರು ನರ್ತಕರು ಅಂತ ನೋಡುತ್ತಾರೆ, ಪೇಷಂಟ್ ಅಂತ ಅಲ್ಲ. ನೀವೂ ಹಾಗೇ ನೋಡಿ.

ಹಾಗೆ ನೋಡುವುದು ಅಂದರೆ ಏನು ಅಂತ ಒಬ್ಬ ಅಜ್ಜನ ವಿಷಯ ಹೇಳುತ್ತೇನೆ. ಬಯಲುಸೀಮೆಯವರು, ರೈತರು. ನಾನು ಪ್ಯಾಡ್ ಹಿಡಿದು ಹೋದಾಗಲೆಲ್ಲ "ನಂಗೆ ಬರೆಯಾಕೆ ಬರಂಗಿಲ್ಲ ತಾಯಿ, ಆ ಕಡೆ ಹೋಗು" ಎನ್ನುತ್ತಿದ್ದರು. ಹೋಗುತ್ತಿದ್ದೆ. ಆಸ್ಪತ್ರೆಯಲ್ಲಿ ಮಲಗಿದವರು ಯಾವುದಕ್ಕೂ ಬೇಡ ಅನ್ನುವ ಹಾಗಿಲ್ಲ ನೋಡಿ. ಸೂಜಿ ಬೇಡ ಅಂದರೆ ಆಗಲ್ಲ, ಮಾತ್ರೆ ಬೇಡ ಅಂದರೆ ಆಗಲ್ಲ. ಇಡೀ ದಿನದಲ್ಲಿ ಅವರು ಬೇಡ ಅನ್ನಬಹುದಾದವಳು ನಾನೊಬ್ಬಳೇ ಇದ್ದೆ. ಅದನ್ನು ಅವರಿಂದ ಕಿತ್ತುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಐದು ವಾರ ಹೀಗೇ ಆಯಿತು. ಆರನೇ ವಾರ ಪಕ್ಕದ ಮಂಚದ ಹುಡುಗನಿಗೆ ನಾನು ಬಾವಿ ಬರೆದು ತೋರಿಸುತ್ತಿದ್ದೆ. ಅಜ್ಜ ಅಲ್ಲಿಂದಲೇ ಇಣುಕಿ, "ಮೆಟ್ಟಿಲೆಲ್ಲಿ? ಮೆಟ್ಟಿಲಿಲ್ದೆ ಇಳಿಯೋದು ಹೆಂಗೆ?" ಎಂದರು. ಪ್ಯಾಡ್ ಮುಂದೆ ಹಿಡಿದೆ. ಇಸಕೊಂಡರು.

ಮೊದಲು ಒಂದು ಉದ್ದ ಗೆರೆ. "ಇದು ನಮ್ಮ ಬದು." ಆಮೇಲೆ ಬೇವಿನ ಮರ, ಎತ್ತು ಕಟ್ಟುವ ಜಾಗ, ಕಡೆಗೆ ಬಾವಿ. ಮೆಟ್ಟಿಲುಗಳನ್ನು ಎಣಿಸಿ ಎಣಿಸಿ ಹಾಕಿದರು. ಕೈ ನಡುಗುತ್ತಿತ್ತು. ಗೆರೆ ಸೊಟ್ಟ ಆದಲ್ಲಿ "ಇಲ್ಲಿ ಕಲ್ಲು ಜರುಗಿತ್ತು, ನಿಜವಾಗ್ಲೂ ಹಿಂಗೇ ಐತಿ" ಎಂದರು. ಬಾವಿಯೊಳಗೆ ನೀರು ತುಂಬಿಸಲು ನೀಲಿ ಕ್ರೇಯಾನ್ ಕೇಳಿದರು. ಒತ್ತಿ ಒತ್ತಿ ಅದು ಮುರಿಯುವ ತನಕ ತುಂಬಿದರು. ದಿನಕ್ಕೆ ಇಷ್ಟೇ ನೀರು ಅಂತ ಅಳೆದು ಕುಡಿಯಬೇಕಾದ ಮನುಷ್ಯ. ನಾನು ಅದರ ಬಗ್ಗೆ ಏನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮುಂದಿನ ವಾರ ನಾನು ಹೋಗುವ ಹೊತ್ತಿಗೆ ಟೆಕ್ನಿಷಿಯನ್ ಹುಡುಗ ಅಜ್ಜನ ಮಂಚದ ಹತ್ತಿರ ನಿಂತಿದ್ದ. ದಿನಾ ಬಂದ ಕೂಡಲೇ "ಎಷ್ಟು ವೇಟ್ ಜಾಸ್ತಿ ಆಗಿದೆ ಅಜ್ಜ?" ಅಂತ ಕೇಳುವವನು ಅವತ್ತು "ಬಾವಿ ಎಷ್ಟು ಆಳ ಇತ್ತು?" ಅಂತ ಕೇಳುತ್ತಿದ್ದ. ಆ ಹುಡುಗನ ಮನೆಯಲ್ಲೂ ಹೊಲ ಇತ್ತಂತೆ.

ಇದನ್ನೇ ನಾನು ನನ್ನ ಕೆಲಸ ಅಂತ ನಂಬಿರುವುದು. ಅಜ್ಜನ ಕಿಡ್ನಿ ಸರಿ ಹೋಗಲಿಲ್ಲ. ಆದರೆ ಆ ವಾರ್ಡಿನಲ್ಲಿ ಅವರು ಅಷ್ಟು ದಿನ ಒಂದು ತೂಕದ ಲೆಕ್ಕ ಆಗಿದ್ದರು, ಅವತ್ತಿನಿಂದ ಬಾವಿ ಇದ್ದ ರೈತ ಆದರು.

ಹಾಗಾಗಿ ಏನು ಮಾಡಿಸಲಿ ಎಂಬುದಕ್ಕೆ ನನ್ನ ಉತ್ತರ: ಅವರಿಗೆ ಗೊತ್ತಿರುವುದನ್ನು ಕೇಳಿ, ನಿಮಗೆ ಗೊತ್ತಿಲ್ಲದ್ದನ್ನು ಕೇಳಿ. ಅವರ ಮನೆ ಅಡುಗೆಮನೆಯಲ್ಲಿ ಒಲೆ ಯಾವ ಕಡೆ? ಊರಿನ ತೇರಿಗೆ ಎಷ್ಟು ಗಾಲಿ? ಅಂಗಡಿಯಲ್ಲಿ ಡಬ್ಬಗಳನ್ನು ಹೇಗೆ ಜೋಡಿಸುತ್ತಿದ್ದರು? ನಿಮಗೆ ಖುಷಿ ಕೊಡುವ ಚಿತ್ರ ಬರೆಯಿರಿ ಅಂತ ಮಾತ್ರ ಹೇಳಬೇಡಿ. ಖುಷಿಯಾಗಿರಿ ಅಂತ ಅವರಿಗೆ ಬೇಕಾದಷ್ಟು ಜನ ಹೇಳಿ ಹೋಗಿರುತ್ತಾರೆ. ಕಪ್ಪು ಬಣ್ಣ ಜಾಸ್ತಿ ಬಳಸಿದರೆ ಖಿನ್ನತೆ ಅಂತ ಅರ್ಥ ಹಚ್ಚಲು ಹೋಗಬೇಡಿ. ಕೆಲವು ಸಲ ಆ ಕವರ್‌ನಲ್ಲಿ ಕಪ್ಪು ಕ್ರೇಯಾನ್ ಒಂದೇ ಚೂಪಾಗಿ ಉಳಿದಿರುತ್ತದೆ. ಆದರೆ ಯಾರಾದರೂ ಬರೆಯುತ್ತಾ ಸಾಯುವ ಮಾತಾಡಿದರೆ, ಡಯಾಲಿಸಿಸ್ ಬಿಟ್ಟುಬಿಡುತ್ತೇನೆ ಅಂದರೆ, ಅದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ. "ಈ ಮಾತು ನಾನು ಸಿಸ್ಟರ್‌ಗೆ ಹೇಳಲೇಬೇಕು" ಅಂತ ಅವರಿಗೇ ತಿಳಿಸಿ, ಅವತ್ತೇ ಹೇಳಿ.

ಬರೆಯಲು ಬರುವುದಿಲ್ಲ ಅನ್ನುವ ಹೆಂಗಸರಿಗೆ ನಾನು ಮಾಡುವುದು ಕಾಗದದ ಕೌದಿ. ಹಳೆ ಕ್ಯಾಲೆಂಡರ್, ಸೀರೆ ಡಬ್ಬಿಯ ಬಣ್ಣದ ಕಾಗದ ಎಲ್ಲ ಚೌಕ, ತ್ರಿಕೋನ ಕತ್ತರಿಸಿ ಮನೆಯಿಂದಲೇ ಒಯ್ಯುತ್ತೇನೆ, ಒಂದೇ ಕೈಯಲ್ಲಿ ಕತ್ತರಿಸಲು ಆಗುವುದಿಲ್ಲವಲ್ಲ. ಅವರು ಜೋಡಿಸುತ್ತಾರೆ, ಅವರು ಹೇಳಿದ ಕಡೆ ನಾನು ಅಂಟಿಸುತ್ತೇನೆ. ಕೌದಿ ಹೊಲಿದು ಗೊತ್ತಿರುವವರು ನನಗೇ ಪಾಠ ಮಾಡುತ್ತಾರೆ. ಮೂಲೆಯಿಂದ ಶುರು ಮಾಡಬೇಕಂತೆ, ಕೆಂಪು ಪಕ್ಕ ಕೆಂಪು ಬರಬಾರದಂತೆ.

ಬಟ್ಟೆಯ ನಿಜವಾದ ಕೌದಿಗೆ ಜಾಗ ವಾರ್ಡಿನ ಹೊರಗೆ. ಅಲ್ಲಿ ಬೆಂಚಿನ ಮೇಲೆ, ನೆಲದ ಮೇಲೆ ಚಾಪೆ ಹಾಸಿಕೊಂಡು ರೋಗಿಯ ಕಡೆಯವರು ಕೂತಿರುತ್ತಾರೆ. ಹೆಂಡತಿ, ಸೊಸೆ, ತಾಯಿ. ಕೂಲಿ ಬಿಟ್ಟು ಬಂದಿರುತ್ತಾರೆ, ಬಸ್ ಚಾರ್ಜಿಗೆ ಲೆಕ್ಕ ಹಾಕುತ್ತಿರುತ್ತಾರೆ. ಅವರನ್ನು ಯಾರೂ ಮಾತಾಡಿಸುವುದಿಲ್ಲ. ದಯವಿಟ್ಟು ನಿಮ್ಮ ಅರ್ಧ ಸಮಯ ಅವರಿಗೆ ಕೊಡಿ, ಸಿಸ್ಟರ್ ಕೇಳದೇ ಇದ್ದರೂ ಕೊಡಿ. ಒಗೆದು ಇಸ್ತ್ರಿ ಮಾಡಿದ ಬಟ್ಟೆ ತುಂಡು, ಎಣಿಸಿದ ಸೂಜಿ, ದಾರ ಇಷ್ಟು ಸಾಕು. ಏಳುವಾಗ ಸೂಜಿ ಮತ್ತೆ ಎಣಿಸಿ. ನಾಲ್ಕು ಜನ ಒಂದೇ ಬಟ್ಟೆಯ ಸುತ್ತ ಕೂತು ಹೊಲಿಯುವಾಗ ಯಾವ ಬಸ್ಸು ಎಷ್ಟು ಗಂಟೆಗೆ, ಯಾವ ಕೌಂಟರಿನಲ್ಲಿ ಯಾವ ಕಾಗದ ಕೊಡಬೇಕು, ಉಪ್ಪು ಕಡಿಮೆ ಹಾಕಿ ಸಾರು ರುಚಿಯಾಗಿಸುವುದು ಹೇಗೆ ಎಂಬುದೆಲ್ಲ ತಾನಾಗಿ ಕೈ ಬದಲಾಗುತ್ತದೆ. ಬೀಸುವ ಪದ, ಸೋಬಾನೆ ಪದ ಬಲ್ಲವರು ಒಬ್ಬರಾದರೂ ಇರುತ್ತಾರೆ. ಸಣ್ಣ ದನಿಯಲ್ಲಿ ಹಾಡಲಿ, ಒಳಗೆ ಮಲಗಿದವರಿಗೆ ತೊಂದರೆ ಆಗದಿದ್ದರೆ ಸಾಕು.

ಉಪಯೋಗ ಇದೆಯಾ ಎಂಬ ಪ್ರಶ್ನೆಗೆ ಲೆಕ್ಕದ ಉತ್ತರವೂ ಬೇಕು, ಯಾಕೆಂದರೆ ಆಸ್ಪತ್ರೆಯ ಹಿರಿಯರು ಅದನ್ನೇ ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಲೆ ಮತ್ತು ಆರೋಗ್ಯದ ಬಗ್ಗೆ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟು ಮಾಡಿ ವರದಿ ತಂದಿದೆ. ರೋಗ ತಡೆಯುವುದರಿಂದ ಹಿಡಿದು ಸಾವಿನ ಹತ್ತಿರದ ಆರೈಕೆಯ ತನಕ ಕಲೆ ನೆರವಾಗುತ್ತದೆ ಎಂದು ಅದು ಹೇಳುತ್ತದೆ. ಎಲ್ಲ ಅಧ್ಯಯನಗಳೂ ಒಂದೇ ತೂಕದವಲ್ಲ, ಸಣ್ಣವು ಬಹಳ ಇವೆ. ಗಟ್ಟಿಯಾದವುಗಳಲ್ಲಿ ನನಗೆ ಇಷ್ಟವಾದದ್ದು ಇಂಗ್ಲೆಂಡಿನಲ್ಲಿ ಹೆರಿಗೆಯ ನಂತರ ಖಿನ್ನತೆಯ ಲಕ್ಷಣ ಇದ್ದ 134 ತಾಯಂದಿರ ಮೇಲೆ ನಡೆದದ್ದು, 2018ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಹಾಡು, ಒಂದಕ್ಕೆ ಆಟ, ಇನ್ನೊಂದಕ್ಕೆ ಎಂದಿನ ಆರೈಕೆ ಅಷ್ಟೇ. ಕಾಲ ಕಳೆದಂತೆ ಮೂರೂ ಗುಂಪಿನ ತಾಯಂದಿರು ಸುಧಾರಿಸಿದರು, ಆದರೆ ಲಕ್ಷಣ ಜಾಸ್ತಿ ಇದ್ದವರಲ್ಲಿ ಕೂಸಿನ ಜೊತೆ ಕೂತು ಹಾಡಿದವರು ಬೇಗ ಸುಧಾರಿಸಿದರು. ನಮ್ಮ ಜೋಗುಳದ ನಾಡಿಗೆ ಇದು ಹೊಸದೇನಲ್ಲ, ಅಲ್ವಾ? ಕೋವಿಡ್ ಬಂದು ಹೋದ ಮೇಲೂ ಉಸಿರು ಕಟ್ಟುತ್ತಿದ್ದ 150 ಜನರ ಮೇಲೆ ಇಂಗ್ಲಿಷ್ ನ್ಯಾಷನಲ್ ಆಪೆರಾ ಎಂಬ ಸಂಗೀತ ನಾಟಕ ಸಂಸ್ಥೆಯವರ ಹಾಡಿನ ಅಭ್ಯಾಸವನ್ನು ಪರೀಕ್ಷೆ ಮಾಡಿದರು. 2022ರಲ್ಲಿ ಬಂದ ಫಲಿತಾಂಶದ ಪ್ರಕಾರ ಮನಸ್ಸಿನ ನೆಮ್ಮದಿ ಹೆಚ್ಚಿತು, ಉಸಿರಾಟದ ಒಂದಿಷ್ಟು ತೊಂದರೆ ತಗ್ಗಿತು, ಆದರೆ ದೇಹದ ಆರೋಗ್ಯದ ಒಟ್ಟು ಅಂಕದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನೂ ಇದ್ದ ಹಾಗೇ ಹೇಳಿ. ಡಯಾಲಿಸಿಸ್ ನಡೆಯುತ್ತಿರುವಾಗಲೇ ಕಲೆ ಮಾಡಿಸಬಹುದೇ ಅಂತ ಉತ್ತರ ಐರ್ಲೆಂಡಿನಲ್ಲಿ ಒಂದು ಸಣ್ಣ ಪ್ರಯೋಗ ಆಗಿದೆ. ನಮ್ಮ ನಿಮ್ಹಾನ್ಸ್‌ನಲ್ಲೂ ಸಂಗೀತ ಮತ್ತು ಮಿದುಳಿನ ಬಗ್ಗೆ ಕೆಲಸ ಮಾಡುವ ಪ್ರಯೋಗಾಲಯ ಇದೆ. ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ರಕ್ತಪರೀಕ್ಷೆಯಲ್ಲಿ ನೋಡುವ ಅಂಶ) ಇಳಿಯುತ್ತದೆ, ಔಷಧಿ ಕಡಿಮೆ ಆಗುತ್ತದೆ ಅಂತ ಮಾತ್ರ ಯಾರ ಹತ್ತಿರವೂ ಬಾಯಿ ತಪ್ಪಿಯೂ ಹೇಳಬೇಡಿ.

ಫೋಟೋ ವಿಷಯ. ಮೊದಲ ದಿನವೇ ಯಾರಾದರೂ ಮೊಬೈಲ್ ತೆಗೆಯುತ್ತಾರೆ. ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದವರ ಫೋಟೋ ಊರಿನ ಗ್ರೂಪಿಗೆ ಹೋಗುವುದು ಅವರಿಗೆ ಇಷ್ಟವಾ ಅಂತ ಕೇಳದೆ ತೆಗೆಯಬಾರದು, ನೀವೂ ತೆಗೆಯಬೇಡಿ. ಮುಂದೆ ಎಂದಾದರೂ ಮಾನಸಿಕ ಆರೋಗ್ಯದ ವಾರ್ಡಿನಲ್ಲಿ ಕೆಲಸ ಮಾಡಿದರೆ ನೆನಪಿಡಿ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಪ್ರಕಾರ ಅಲ್ಲಿ ಚಿಕಿತ್ಸೆಯಲ್ಲಿರುವವರ ಫೋಟೋ, ಮಾಹಿತಿ ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವ ಹಾಗಿಲ್ಲ. ಚಿತ್ರ ಬರೆದವರದ್ದು. ಪ್ರದರ್ಶನಕ್ಕೆ ಇಡಬೇಕೆಂದರೆ ಕೇಳಿ. ಹೆಸರು ಹಾಕಲಾ ಬೇಡವಾ ಅದನ್ನೂ ಕೇಳಿ, ಬಹಳ ಜನ ಹೆಸರು ಹಾಕಿ ಅನ್ನುತ್ತಾರೆ.

ದುಡ್ಡು ಕೇಳಿ, ಸಂಕೋಚ ಬೇಡ. ಒಂದೆರಡು ತಿಂಗಳು ದುಡ್ಡಿಲ್ಲದೆ ಮಾಡಿ, ನಿಮಗೂ ಅವರಿಗೂ ಹೊಂದುತ್ತದೆಯಾ ನೋಡಿಕೊಳ್ಳಿ. ಆಮೇಲೆ ಕೇಳಿ. ಸೇವೆ ಅಂತ ಹೇಳಿ ಪುಕ್ಕಟೆ ಮಾಡಿಸಿಕೊಂಡರೆ ಕಲಾವಿದರು ಆರು ತಿಂಗಳಲ್ಲಿ ಸೋತು ಬಿಡುತ್ತಾರೆ. ಹೀಗೆ ಬಿಟ್ಟು ಹೋದವರನ್ನು ನಾನು ಬಹಳ ನೋಡಿದ್ದೇನೆ, ಮತ್ತೆ ಅಲ್ಲಿ ಮಲಗಿದವರಿಗೇ ನಷ್ಟ. ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಥಳೀಯ ಖರ್ಚುವೆಚ್ಚ ನೋಡಿಕೊಳ್ಳುವ ಆರೋಗ್ಯ ರಕ್ಷಾ ಸಮಿತಿ ಇರುತ್ತದೆ. ಜಿಲ್ಲಾಸ್ಪತ್ರೆಯಾದರೆ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ, ತಾಲ್ಲೂಕು ಆಸ್ಪತ್ರೆಯಾದರೆ ಆಡಳಿತ ವೈದ್ಯಾಧಿಕಾರಿಗೆ ಒಂದು ಪುಟದ ಪತ್ರ ಕೊಡಿ. ಯಾವ ದಿನ, ಎಷ್ಟು ಗಂಟೆ, ಸಾಮಾನಿಗೆ ಎಷ್ಟು, ನಿಮ್ಮ ಸಂಭಾವನೆ ಎಷ್ಟು ಎಲ್ಲ ಬರೆದು, ಸಮಿತಿಯ ಮುಂದಿಡಲು ಕೇಳಿ. ಸಿಸ್ಟರ್ ಕರೆದರು ಅಂತ ಬಾಯಿಮಾತಿನಲ್ಲೇ ಶುರು ಮಾಡಬೇಡಿ, ನಾಳೆ ಏನಾದರೂ ಮಾತು ಬಂದರೆ ಆ ಸಿಸ್ಟರ್‌ಗೇ ತೊಂದರೆ. ದುಡ್ಡಿನ ಮಾತು ಆಮೇಲೆ ಬಂದರೂ ಸರಿ, ಲಿಖಿತ ಅನುಮತಿ ಮಾತ್ರ ಮೊದಲು.

ಕೊನೆಯದಾಗಿ ಒಂದು ವಿಷಯ, ಇದನ್ನು ನನಗೆ ಯಾರೂ ಮುಂಚೆ ಹೇಳಿರಲಿಲ್ಲ. ಒಂದು ವಾರ ನೀವು ಹೋದಾಗ ಯಾವುದೋ ಮಂಚದಲ್ಲಿ ಬೇರೆಯವರು ಮಲಗಿರುತ್ತಾರೆ. ಪಾಳಿ ಬದಲಾಗಿರಬಹುದು, ಬೇರೆ ಊರಿಗೆ ಹೋಗಿರಬಹುದು, ತೀರಿಕೊಂಡಿರಲೂಬಹುದು. ಎಲ್ಲರ ಮುಂದೆ ಜೋರಾಗಿ ಕೇಳಬೇಡಿ, ಅಕ್ಕಪಕ್ಕದವರಿಗೆ ಅದು ತುಂಬಾ ಕಷ್ಟ. ಸಿಸ್ಟರ್ ಹತ್ತಿರ ಪಕ್ಕಕ್ಕೆ ಹೋಗಿ ಕೇಳಿ. ಅವರ ಹೆಸರಿನ ಕವರ್ ಎಸೆಯಬೇಡಿ. ಅಜ್ಜನದನ್ನು ನಾನು ಮೂರು ತಿಂಗಳು ಇಟ್ಟುಕೊಂಡಿದ್ದೆ. ಸಾವಿನ ಸರ್ಟಿಫಿಕೇಟಿಗೆ ಅಂತ ಬಂದಿದ್ದ ಅವರ ಮಗ ಆ ಚಿತ್ರ ನೋಡಿದ. ಬಹಳ ಹೊತ್ತು ನೋಡಿ, "ಬಾವಿ ಮುಚ್ಚಿಸಿ ಹನ್ನೆರಡು ವರ್ಷ ಆಯ್ತು ಮೇಡಂ, ಮೆಟ್ಟಿಲು ಸರಿಯಾಗೇ ಹಾಕಿದ್ದಾರೆ" ಎಂದ. ಕ್ರೇಯಾನ್ ಚೂರುಗಳ ಸಮೇತ ಕವರನ್ನು ಜೇಬಿಗೆ ಹಾಕಿಕೊಂಡು ಹೋದ.